ಎಷ್ಟು ದೂರದಿಂದ ನೋಡಬೇಕು

ಒಂದು ಕ್ಯಾಮೆರಾ ಕೊಳ್ಳಲಾಗದೆ ನಾನು ಎರಡು ತಿಂಗಳು ಕಳೆದೆ. ದುಡ್ಡಿರಲಿಲ್ಲ ಎಂದಲ್ಲ. ಹಳೆಯ ಕ್ಯಾಮೆರಾ ಕೆಟ್ಟಂದಿನಿಂದ ತಿಂಗಳು ತಿಂಗಳು ಒಂದಿಷ್ಟು ಎತ್ತಿಟ್ಟು ಕೂಡಿಸಿಕೊಂಡಿದ್ದೆ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಆಗಲಿಲ್ಲ, ಅಷ್ಟೆ. ಒಂದು ಸೋನಿಯವರ ಆರ್‌ಎಕ್ಸ್100 ಮಾರ್ಕ್ 7. ಇನ್ನೊಂದು ರಿಕೋದವರ ಜಿಆರ್ 3. ಎರಡೂ 2019ರಲ್ಲಿ ಬಂದವು, ಎರಡೂ ಜೇಬಿಗೆ ಇಳಿಯುವಂಥವು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಎರಡೂ ಸೆಕೆಂಡ್ ಹ್ಯಾಂಡ್ ಆಗಿ, ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿದ್ದವು.

ಮನೆಯವರಿಗೆ ಇದು ನಗೆಪಾಟಲಿನ ವಿಷಯವಾಯಿತು. ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ ಎಂದು ಹೆಂಡತಿ ಹೇಳಿದಳು. ಅದು ನಿಜ. ಆದರೆ ಆಗ ನನ್ನ ಬಳಿ ಪಟ್ಟಿ ಇರಲಿಲ್ಲ, ಈಗ ಇತ್ತು. ನೋಟುಬುಕ್ಕಿನ ನಡುವೆ ಒಂದು ಗೆರೆ ಎಳೆದು ಎಡಕ್ಕೆ ಸೋನಿ, ಬಲಕ್ಕೆ ರಿಕೋ ಎಂದು ಬರೆದುಕೊಂಡಿದ್ದೆ. ಸೋನಿಯ ತೂಕ 302 ಗ್ರಾಂ, ರಿಕೋದ್ದು 257. ಸೋನಿಯಲ್ಲಿ ಬೇಕಾದಾಗ ಮೇಲೇಳುವ ಪುಟ್ಟ ಫ್ಲ್ಯಾಶ್ ಇದೆ, ಕಣ್ಣಿಟ್ಟು ನೋಡುವ ಕಿಂಡಿಯೂ ಇದೆ; ರಿಕೋದಲ್ಲಿ ಎರಡೂ ಇಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಸೋನಿ ಸುಮಾರು 260 ಚಿತ್ರ ತೆಗೆಯುತ್ತದೆ, ರಿಕೋ 200. ಇಷ್ಟಕ್ಕೇ ನಿಂತರೆ ಸೋನಿ ಗೆದ್ದಂತೆಯೇ.

ಆದರೆ ಮುಂದಿನ ಸಾಲಿನಲ್ಲಿ ಸೆನ್ಸರ್ ಬರುತ್ತದೆ. ಬೆಳಕನ್ನು ಹಿಡಿಯುವ ಈ ಬಿಲ್ಲೆ ಸೋನಿಯಲ್ಲಿ 13.2 ಮಿಲಿಮೀಟರ್ ಅಗಲ, 8.8 ಎತ್ತರ. ರಿಕೋದಲ್ಲಿ 23.5 ಅಗಲ, 15.6 ಎತ್ತರ. ಗುಣಿಸಿ ನೋಡಿದರೆ ರಿಕೋದ್ದು ಮೂರು ಪಟ್ಟಿಗಿಂತ ತುಸು ಹೆಚ್ಚು. ಬಿಲ್ಲೆ ದೊಡ್ಡದಾದಷ್ಟೂ ಹೆಚ್ಚು ಬೆಳಕು ಸಿಗುತ್ತದೆ. ಸಂಜೆಯ ನೆರಳಿನಲ್ಲಿ, ಒಲೆಯ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗದೆ ಉಳಿಯುತ್ತದೆ. ಇನ್ನೊಂದು ತಮಾಷೆಯೆಂದರೆ, ಸೋನಿಯ ಆ ಬಿಲ್ಲೆಗೆ ‘ಒಂದು ಇಂಚಿನ ಸೆನ್ಸರ್’ ಎಂದು ಹೆಸರು. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಆ ಬಿಲ್ಲೆಯನ್ನು ಮೂಲೆಯಿಂದ ಮೂಲೆಗೆ ಅಳೆದರೂ 16 ದಾಟುವುದಿಲ್ಲ. ಹಿಂದೆ ಟೀವಿ ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆಗಳಿದ್ದವು. ಕೊಳವೆಯ ಹೊರಗಿನ ವ್ಯಾಸ ಒಂದು ಇಂಚಾದರೆ ಒಳಗೆ ಚಿತ್ರ ಮೂಡುವ ಜಾಗ ಹದಿನಾರು ಮಿಲಿಮೀಟರಿನಷ್ಟು. ಕೊಳವೆ ಹೋಯಿತು, ಅಳತೆಯ ಹೆಸರು ಉಳಿಯಿತು. ಪಟ್ಟಿಯಲ್ಲಿರುವ ಅಂಕಿಗಳೆಲ್ಲ ಗಟ್ಟಿ ಸತ್ಯಗಳೆಂದು ನಂಬಿದ್ದ ನನಗೆ ಇದು ಮೊದಲ ಪೆಟ್ಟು.

ಕೊನೆಯ ಸಾಲು ಮಸೂರದ್ದು. ಸೋನಿಯಲ್ಲಿ 24ರಿಂದ 200 ಮಿಲಿಮೀಟರ್‌ವರೆಗಿನ ಜೂಮ್. ರಿಕೋದಲ್ಲಿ ಜೂಮ್ ಇಲ್ಲವೇ ಇಲ್ಲ. 28 ಮಿಲಿಮೀಟರ್, ಅದೊಂದೇ. ದೊಡ್ಡದಾಗಿ ಕಾಣಬೇಕೆಂದರೆ ಕಾಲು ಎತ್ತಿ ಮುಂದೆ ಹೋಗಬೇಕು.

ಎರಡು ಗುಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಮೂರು ಪಟ್ಟು ಬೆಳಕು ಎಷ್ಟು ಮಿಲಿಮೀಟರ್ ಜೂಮ್‌ಗೆ ಸಮ? ಒಂದು ಸೇರು ಅಕ್ಕಿಗೆ ಎಷ್ಟು ಗಜ ಬಟ್ಟೆ ಎಂದು ಕೇಳಿದರೆ ದುಡ್ಡಿನ ಮೂಲಕ ಉತ್ತರ ಹೇಳಬಹುದು. ಇಲ್ಲಿ ದುಡ್ಡು ಎರಡಕ್ಕೂ ಒಂದೇ. ಹಾಗಾದರೆ ಎರಡೂ ಸಮ, ಚೀಟಿ ಎತ್ತಿದರಾಯಿತು ಎಂದುಕೊಂಡೆ. ಅದೇ ವಾರ ಅಂಗಡಿಯವರು ಫೋನ್ ಮಾಡಿ, ಸೋನಿ ತೆಗೆದುಕೊಂಡರೆ ಸಾವಿರ ರೂಪಾಯಿ ಕಡಿಮೆ ಮಾಡುತ್ತೇವೆ ಎಂದರು. ಎರಡೂ ನಿಜವಾಗಿ ಸಮವಾಗಿದ್ದರೆ ಆ ಸಾವಿರ ರೂಪಾಯಿಗೆ ತಕ್ಕಡಿ ವಾಲಬೇಕಿತ್ತು. ವಾಲಲಿಲ್ಲ. ನಾನು ಇದ್ದಲ್ಲೇ ಇದ್ದೆ.

ಅಮೆರಿಕದ ತತ್ತ್ವಶಾಸ್ತ್ರಜ್ಞೆ ರೂತ್ ಚಾಂಗ್ ಇದನ್ನೇ ಹಿಡಿದು ವಾದಿಸುತ್ತಾರೆ. ಎರಡು ವಸ್ತುಗಳಲ್ಲಿ ಒಂದು ಮೇಲು, ಒಂದು ಕೀಳು, ಅಥವಾ ಎರಡೂ ಸಮ, ಈ ಮೂರೇ ಸಾಧ್ಯತೆ ಎಂದು ನಾವು ತಿಳಿದಿರುತ್ತೇವೆ. ನಾಲ್ಕನೆಯದೂ ಇದೆ, ಅವು ಸಮಾನವಲ್ಲದೆಯೂ ಜೋಡಿಯಾಗಿ ನಿಲ್ಲಬಲ್ಲವು ಎನ್ನುತ್ತಾರೆ ಅವರು. ಅಂಥ ಕಡೆ ವಸ್ತುಗಳು ಕಾರಣಗಳನ್ನು ಒದಗಿಸಿ ಮುಗಿಸಿರುತ್ತವೆ. ಮುಂದಿನದನ್ನು ಆರಿಸುವವನೇ ತನ್ನಿಂದ ಒದಗಿಸಬೇಕು. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನ ಮುಂದಿಡುವ ಆಯ್ಕೆ, ಶ್ರೇಯಸ್ಸು ಮತ್ತು ಪ್ರೇಯಸ್ಸು, ಇದಕ್ಕಿಂತ ಸುಲಭ ಅನ್ನಿಸಿತು ನನಗೆ. ಅದನ್ನು ಪಾಲಿಸುವುದು ಸುಲಭ ಎಂದಲ್ಲ. ಅಲ್ಲಿ ಯಾವುದು ಮೇಲು ಎಂಬುದಾದರೂ ಹೆಸರಿನಲ್ಲೇ ಗೊತ್ತು. ನನ್ನ ಮುಂದಿದ್ದದ್ದು ಎರಡು ಪ್ರೇಯಸ್ಸುಗಳು.

ಹಾಗೆ ನಾನು ಅಂದುಕೊಂಡಿದ್ದೆ.

ಒಂದು ಭಾನುವಾರ ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಇಷ್ಟು ವರ್ಷ ನಾನು ತೆಗೆದ ಚಿತ್ರಗಳಲ್ಲಿ ಜೂಮ್ ಎಷ್ಟು ಬಳಸಿದ್ದೇನೆ ನೋಡೋಣ ಎಂದು ಕೂತೆ. ಪ್ರತಿ ಚಿತ್ರದ ಬೆನ್ನಿಗೂ ಮಸೂರದ ಅಳತೆ, ದಿನಾಂಕ, ಗಂಟೆ ದಾಖಲಾಗಿರುತ್ತದೆ. ಅಂಕಿ ಹುಡುಕಲು ಹೋದವನಿಗೆ ದೊಡ್ಡಮ್ಮ ಸಿಕ್ಕಳು.

ದೊಡ್ಡಪ್ಪ ತೀರಿಕೊಂಡು ಹನ್ನೊಂದನೆಯ ದಿನ. ಊರಿನ ಮನೆ ತುಂಬ ನೆಂಟರು. ನಾನಾಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ, ಕೈಯಲ್ಲಿ ಹೊಸ ಜೂಮ್ ಕ್ಯಾಮೆರಾ. ಬಡಿಸುವ ಗದ್ದಲದಲ್ಲಿ ದೊಡ್ಡಮ್ಮ ಯಾರಿಗೂ ಹೇಳದೆ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ತೆಂಗಿನ ಗರಿಗಳ ನಡುವಿನಿಂದ ಬಿಸಿಲು ಅವಳ ಕೊರಳ ಮೇಲೆ ಬಿದ್ದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಕೊಟ್ಟಿಗೆಯ ಗೋಡೆಯ ಪಕ್ಕ ನಿಂತು, ಪೂರ್ತಿ ಜೂಮ್ ಎಳೆದು, ಮೂರು ಸಲ ಬಟನ್ ಒತ್ತಿದೆ. ಅವಳು ತಿರುಗಿ ನೋಡಲಿಲ್ಲ. ಗೊತ್ತಾಗಲೇ ಇಲ್ಲ.

ಆ ಚಿತ್ರಕ್ಕೆ ‘ಏಕಾಂತ’ ಎಂದು ಹೆಸರಿಟ್ಟು ಸ್ಪರ್ಧೆಗೆ ಕಳಿಸಿದೆ. ಎರಡನೆಯ ಬಹುಮಾನ ಬಂತು. ಹಬ್ಬಕ್ಕೆ ಊರಿಗೆ ಹೋದಾಗ ಫ್ರೇಮು ಹಾಕಿಸಿದ ಚಿತ್ರವನ್ನೂ ಪ್ರಮಾಣಪತ್ರವನ್ನೂ ದೊಡ್ಡಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. “ಅವತ್ತು ನಾನೊಬ್ಬಳೇ ಇದೀನಿ ಅಂದ್ಕೊಂಡಿದ್ದೆ ಕಣೋ” ಅಂದಳು. ಆಮೇಲೆ, “ಕಾಫಿ ಕುಡೀತೀಯಾ?” ಎಂದು ಕೇಳಿ ಒಳಗೆ ಹೋದಳು.

ಹದಿನೆಂಟು ವರ್ಷಗಳ ನಂತರ ಆ ಚಿತ್ರದ ದಾಖಲೆ ತೆರೆದು ನೋಡಿದರೆ ಅಲ್ಲಿ ಮಸೂರದ ಅಳತೆ ಇದೆ, ಬೆಳಕಿನ ಅಳತೆ ಇದೆ, ಮಧ್ಯಾಹ್ನದ ಗಂಟೆ ಇದೆ. ಅವಳು ಹೇಳಿದ್ದು ಎಲ್ಲೂ ಇಲ್ಲ.

ಅಂದಿನಿಂದ ನನ್ನ ಪಟ್ಟಿಯ ಕೊನೆಯ ಸಾಲು ಬೇರೆಯಾಗಿ ಕಾಣತೊಡಗಿತು. ಲೆಕ್ಕ ಹಾಕಿದೆ. ರಿಕೋದ 28 ಮಿಲಿಮೀಟರ್‌ನಲ್ಲಿ ಒಬ್ಬರು ತಲೆಯಿಂದ ಸೊಂಟದವರೆಗೆ ಚೌಕಟ್ಟು ತುಂಬಬೇಕಾದರೆ ಸುಮಾರು ಒಂದು ಮೀಟರ್ ಹತ್ತಿರ ಹೋಗಬೇಕು. ಸೋನಿಯ 200ರಲ್ಲಿ ಅದೇ ಚೌಕಟ್ಟಿಗೆ ಏಳು ಮೀಟರ್ ದೂರ ಸಾಕು. ಒಂದು ಮೀಟರ್ ಎಂದರೆ ಮಾತಾಡುವ ದೂರ. ಅಲ್ಲಿ ನಿಂತವನಿಗೆ ‘ಏನಪ್ಪಾ?’ ಎಂದು ಕೇಳಬಹುದು, ಬೇಡವೆಂದು ಕೈ ಅಡ್ಡ ಹಿಡಿಯಬಹುದು, ನಗಬಹುದು, ಬೈಯಬಹುದು. ಏಳು ಮೀಟರ್ ಎಂದರೆ ರಸ್ತೆಯ ಆಚೆ ಬದಿ, ಕೊಟ್ಟಿಗೆಯ ಗೋಡೆ.

ಜೂಮ್ ಮಾಡುವುದನ್ನು ನಾವು ‘ಹತ್ತಿರ ತಂದುಕೊಳ್ಳುವುದು’ ಎನ್ನುತ್ತೇವೆ. ನಿಜಕ್ಕೂ ಜೂಮ್ ಯಾವುದನ್ನೂ ಹತ್ತಿರ ತರುವುದಿಲ್ಲ. ಮೂಗಿಗೂ ಕಿವಿಗೂ ಇರುವ ಪ್ರಮಾಣ, ಮುಂದಿನ ಮರಕ್ಕೂ ಹಿಂದಿನ ಗುಡ್ಡಕ್ಕೂ ಕಾಣುವ ಅಂತರ, ಇವೆಲ್ಲ ನಾವು ನಿಂತ ಜಾಗದಿಂದ ನಿರ್ಧಾರವಾಗುತ್ತವೆ, ಮಸೂರದಿಂದಲ್ಲ. ಮಸೂರ ದೂರದ ನೋಟದಿಂದ ಒಂದು ತುಂಡನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ, ಅಷ್ಟೆ. ಹಾಗಾಗಿ ಚಿತ್ರವನ್ನು ಸೂಕ್ಷ್ಮವಾಗಿ ನೋಡಿದರೆ ತೆಗೆದವನು ಎಲ್ಲಿ ನಿಂತಿದ್ದ ಎಂಬುದು ಅದರಲ್ಲೇ ತಿಳಿಯುತ್ತದೆ. ನನ್ನ ‘ಏಕಾಂತ’ದಲ್ಲಿ ದೊಡ್ಡಮ್ಮನ ಬೆನ್ನ ಹಿಂದಿನ ತೆಂಗಿನ ಮರಗಳು ಅವಳಿಗೆ ಅಂಟಿಕೊಂಡಂತಿವೆ. ತೀರ್ಪುಗಾರರಿಗೆ ಅದು ಇಷ್ಟವಾಗಿರಬೇಕು. ಅದು ನಾನು ದೂರ ನಿಂತಿದ್ದಕ್ಕೆ ಸಾಕ್ಷಿ.

ಇಷ್ಟು ಹೇಳಿ ರಿಕೋ ಒಳ್ಳೆಯದು, ಸೋನಿ ಕೆಟ್ಟದ್ದು ಎಂದು ಮುಗಿಸಿಬಿಡಬಹುದಿತ್ತು. ಮಂಗಳೂರಿನ ಗೆಳೆಯನೊಬ್ಬ ಬಿಡಲಿಲ್ಲ. ಅವನು ಕೋಲಗಳ ಚಿತ್ರ ತೆಗೆಯುತ್ತಾನೆ. “ಭೂತದ ಎದುರು ಒಂದು ಮೀಟರ್ ಹತ್ತಿರ ಕ್ಯಾಮೆರಾ ಹಿಡಿದು ನುಗ್ಗುವವನಿಗಿಂತ, ಚಪ್ಪರದ ಮೂಲೆಯಲ್ಲಿ ನಿಂತು ಜೂಮ್ ಹಾಕುವವನಿಗೆ ಮರ್ಯಾದೆ ಹೆಚ್ಚು ಗೊತ್ತು. ಮೊಟ್ಟೆಗೆ ಕಾವು ಕೊಡುತ್ತಿರುವ ಹಕ್ಕಿಯ ಹತ್ತಿರ ಹೋಗ್ತೀಯಾ ನೀನು? ದೂರ ನಿಲ್ಲುವುದೂ ಒಂದು ಗೌರವ ಮಾರಾಯ” ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಹತ್ತಿರ ಹೋದವರೆಲ್ಲ ಒಳ್ಳೆಯವರೂ ಅಲ್ಲ. ಅಮೆರಿಕದ ವಾಕರ್ ಇವಾನ್ಸ್ 1938ರಿಂದ ಕೆಲವು ವರ್ಷ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಎದುರು ಕೂತವರ ಚಿತ್ರ ತೆಗೆದ. ದೂರ ಎರಡೇ ಹೆಜ್ಜೆ. ಆದರೆ ಕ್ಯಾಮೆರಾ ಕೋಟಿನೊಳಗೆ, ಮಸೂರ ಮಾತ್ರ ಗುಂಡಿಗಳ ನಡುವೆ. ಎದುರಿನವರಿಗೆ ಏನೂ ತಿಳಿಯದು. ಆ ಮುಖಗಳು ಬಹಳ ನಿಜವಾಗಿವೆ. ಯಾರಿಗಾಗಿಯೂ ಸಿದ್ಧವಾಗದ ಮುಖಗಳು. ಪುಸ್ತಕವಾಗಿ ಅವು ಬಂದದ್ದು 1966ರಲ್ಲಿ. ನ್ಯೂಯಾರ್ಕಿನವನೇ ಆದ ಬ್ರೂಸ್ ಗಿಲ್ಡನ್ ತೀರಾ ಬೇರೆ ಥರ. ರಸ್ತೆಯಲ್ಲಿ ಜನರ ಮುಖಕ್ಕೇ ಫ್ಲ್ಯಾಶ್ ಹೊಡೆದು ಚಿತ್ರ ತೆಗೆದು ಹೆಸರಾದವನು. ಒಬ್ಬ ಬಚ್ಚಿಟ್ಟ, ಒಬ್ಬ ಎರಗಿದ. ಇಬ್ಬರೂ ಹತ್ತಿರವೇ ಇದ್ದರು. ನಾನು ಕೊಳ್ಳಬೇಕೆಂದಿದ್ದ ರಿಕೋ ಕ್ಯಾಮೆರಾವನ್ನು ಹೊಗಳುವವರು ಹೇಳುವುದೂ ಇದನ್ನೇ: ಚಿಕ್ಕದು, ಕಪ್ಪು, ಸದ್ದಿಲ್ಲ, ಯಾರೂ ಗಮನಿಸುವುದಿಲ್ಲ. ಫೋಕಸ್ಸನ್ನು ಮೊದಲೇ ಇಷ್ಟು ಮೀಟರಿಗೆ ಎಂದು ಕಟ್ಟಿಟ್ಟು, ಜೇಬಿನಿಂದ ತೆಗೆದ ಕೂಡಲೇ ಹೊಡೆಯುವ ಏರ್ಪಾಟೂ ಅದರಲ್ಲಿದೆ.

ಹಾಗಾದರೆ ದೂರ ಮುಖ್ಯವಲ್ಲ. ಎದುರಿಗಿರುವ ಜೀವಕ್ಕೆ ಉತ್ತರ ಕೊಡುವ ಅವಕಾಶ ಇದೆಯೇ ಎಂಬುದು ಮುಖ್ಯ. ಹಕ್ಕಿ ತನ್ನ ಉತ್ತರವನ್ನು ಹಾರಿಹೋಗಿ ಕೊಡುತ್ತದೆ. ಅದು ಹಾರದಷ್ಟು ದೂರ ನಿಲ್ಲುವುದೇ ಅದರ ಮಾತನ್ನು ಕೇಳಿದಂತೆ. ಕೋಲದ ಚಪ್ಪರದಲ್ಲಿ ಸಾವಿರ ಕಣ್ಣುಗಳು ತೆರೆದೇ ಇರುತ್ತವೆ, ಅಲ್ಲಿ ಕಟ್ಟಿದವರಿಗೂ ಅದು ಗೊತ್ತು. ಹಿತ್ತಿಲಿನ ಕಲ್ಲಿನ ಮೇಲೆ ಕೂತವಳಿಗೆ ಮಾತ್ರ ಗೊತ್ತಿರಲಿಲ್ಲ. ಅವಳು ಒಬ್ಬಳೇ ಇರಲೆಂದೇ ಅಲ್ಲಿಗೆ ಹೋಗಿದ್ದಳು. ನಾನು ಅವಳ ಏಕಾಂತವನ್ನು ಚಿತ್ರಿಸಲಿಲ್ಲ, ಮುಗಿಸಿದೆ. ಅವಳಿಗೆ ಅದು ತಡವಾಗಿ ತಿಳಿಯಿತು, ಅಷ್ಟೆ.

ಇದಕ್ಕೆ ಒಂದು ವಾದ ಇದೆ, ನಾನೇ ಎಷ್ಟೋ ಸಲ ಮಾಡಿದ್ದೇನೆ. ಕೇಳಿ ತೆಗೆದ ಚಿತ್ರದಲ್ಲಿ ಸತ್ಯ ಇರುವುದಿಲ್ಲ; ಕ್ಯಾಮೆರಾ ಕಂಡ ಕೂಡಲೇ ಮನುಷ್ಯ ಸೆಟೆದುಕೊಳ್ಳುತ್ತಾನೆ; ಕೇಳುತ್ತಾ ಕೂತಿದ್ದರೆ ಜಗತ್ತಿನ ಒಳ್ಳೆಯ ಚಿತ್ರಗಳಲ್ಲಿ ಅರ್ಧ ಇರುತ್ತಿರಲಿಲ್ಲ. ಇದು ಸುಳ್ಳಲ್ಲ. ಒಬ್ಬ ಅಧಿಕಾರಿ ಲಂಚ ತೆಗೆದುಕೊಳ್ಳುವುದನ್ನೋ, ಪೊಲೀಸರ ಲಾಠಿಯನ್ನೋ ಚಿತ್ರಿಸುವವನು ಅನುಮತಿ ಕೇಳಬೇಕಿಲ್ಲ. ಆದರೆ ದೊಡ್ಡಮ್ಮ ಯಾರ ವಿರುದ್ಧವೂ ಏನೂ ಮಾಡಿರಲಿಲ್ಲ. ಅವಳ ದುಃಖದ ಸತ್ಯ ಲೋಕಕ್ಕೆ ತಿಳಿಯಲೇಬೇಕಾದ ತುರ್ತೂ ಇರಲಿಲ್ಲ. ತುರ್ತು ಇದ್ದದ್ದು ನನಗೆ. ಅರ್ಜಿ ಹಾಕಲು ಕೊನೆಯ ದಿನ ಹತ್ತಿರ ಬಂದಿತ್ತು.

ಆಮೇಲೆ ಆಯ್ಕೆ ಕಷ್ಟವಾಗಲಿಲ್ಲ. ನನ್ನ ಪಟ್ಟಿಯಲ್ಲಿ ಎರಡು ಅಂಕಣಗಳಿದ್ದವು. ಮೂರನೆಯದು, ನನ್ನದು, ಇರಲಿಲ್ಲ. ಯಾವ ಕ್ಯಾಮೆರಾ ಒಳ್ಳೆಯದು ಎಂದು ಎರಡು ತಿಂಗಳು ಕೇಳಿದೆ. ಯಾವುದು ಕೈಯಲ್ಲಿದ್ದರೆ ನಾನು ಎಂಥವನಾಗುತ್ತೇನೆ ಎಂದು ಕೇಳಲಿಲ್ಲ. ನನ್ನ ಗೆಳೆಯನ ಕೈಯಲ್ಲಿ ಜೂಮ್ ಇದ್ದರೆ ಅದು ಸಂಕೋಚದ ಗುರುತು. ನನ್ನ ಕೈಯಲ್ಲಿ ಅದು ಕೊಟ್ಟಿಗೆಯ ಗೋಡೆ. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಮೈಸೂರುಪಾಕು ಇಟ್ಟುಕೊಳ್ಳುವುದಿಲ್ಲ; ಮೈಸೂರುಪಾಕು ಕೆಟ್ಟದ್ದು ಎಂದಲ್ಲ, ತಮ್ಮ ಕೈ ತಮಗೆ ಗೊತ್ತು ಎಂದು. ನಾನು ಸಾವಿರ ರೂಪಾಯಿ ಹೆಚ್ಚು ಕೊಟ್ಟು ರಿಕೋ ತಂದೆ. ಜೇಬಿನಿಂದ ಕದ್ದು ಹೊಡೆಯುವ ಏರ್ಪಾಟು ಅದರಲ್ಲೂ ಇದೆ ಎಂದು ಗೊತ್ತಿದ್ದೇ ತಂದೆ. ಯಂತ್ರ ನನ್ನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ನನ್ನ ಹಳೆಯ ಚಟವನ್ನು ತುಸು ಕಷ್ಟವಾಗಿಸಬಹುದು.

ನಷ್ಟವೂ ಆಗಿದೆ. ಮೊನ್ನೆ ಕೆರೆಯ ಆಚೆ ದಡದಲ್ಲಿ ಮಿಂಚುಳ್ಳಿಯೊಂದು ಕೂತಿತ್ತು. ಚಿತ್ರದಲ್ಲಿ ಅದು ನೀಲಿಯ ಒಂದು ಚುಕ್ಕೆ.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಮ್ಮನ ಎದುರು ಕೂತು, ಒಂದು ಫೋಟೋ ತೆಗೆಯಲಾ ಎಂದು ಕೇಳಿದೆ. ಅವಳಿಗೀಗ ಎಪ್ಪತ್ತೆಂಟು. “ಇರು” ಎಂದು ಒಳಗೆ ಹೋದವಳು ಹಸಿರು ಅಂಚಿನ ಸೀರೆ ಉಟ್ಟು, ತಲೆ ಬಾಚಿಕೊಂಡು ಬರುವ ಹೊತ್ತಿಗೆ ಕಿಟಕಿಯ ಒಳ್ಳೆಯ ಬೆಳಕು ಹೋಗಿತ್ತು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಕೆಳಗೆ ಬಿಟ್ಟು, ರೇಷನ್ ಕಾರ್ಡಿಗೆ ನಿಂತಂತೆ ನೆಟ್ಟಗೆ ನಿಂತಳು. ಒಂದು ಮೀಟರ್ ದೂರದಿಂದ ತೆಗೆದೆ. ಚಿತ್ರ ಸುಮಾರಾಗಿದೆ. ಯಾವ ಸ್ಪರ್ಧೆಗೂ ಹೋಗುವಂಥದ್ದಲ್ಲ. ನೋಡಿ, “ಇದರದ್ದೊಂದು ಕಾಪಿ ನಂಗೂ ಕೊಡು” ಅಂದಳು.

ಹಳೆಯ ಚಿತ್ರವನ್ನು ಅಳಿಸಿಬಿಡಲಾ ಎಂದು ಅವಳನ್ನು ಕೇಳಬೇಕೆಂದುಕೊಂಡು ಹೋಗಿದ್ದೆ. ಕೇಳಲಿಲ್ಲ. ಹೂಂ ಎಂದುಬಿಟ್ಟಾಳೆಂದು ಹೆದರಿದೆ. ಅದು ನಾನು ತೆಗೆದ ಚಿತ್ರಗಳಲ್ಲೆಲ್ಲ ಒಳ್ಳೆಯದು. ಈಗಲೂ ಹಾರ್ಡ್ ಡಿಸ್ಕಿನಲ್ಲಿದೆ.