ದೂರದ ಬೆಟ್ಟ, ಬುಡದ ಊರು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಆಸೆಗೆ ಕಡಿವಾಣ ಹಾಕಲು ಬಳಸುತ್ತೇವೆ. ಪಟ್ಟಣದ ಸಂಬಳವೋ ಹೊರದೇಶದ ಬದುಕೋ ಮಕ್ಕಳ ಕಣ್ಣು ಕುಕ್ಕಿದಾಗ ಹಿರಿಯರ ಬಾಯಲ್ಲಿ ಈ ಮಾತು ಬರುತ್ತದೆ. ಆದರೆ ಗಾದೆಯೊಳಗೆ ನಿಜವಾದ ಬೆಟ್ಟವೊಂದಿದೆ. ಬೆಟ್ಟವಿದ್ದ ಮೇಲೆ ಅದರ ಬುಡದಲ್ಲಿ ಊರೂ ಇದೆ. ಆ ಊರಿನವರಿಗೆ ಬೆಟ್ಟ ಎಂದೂ ನುಣ್ಣಗಿಲ್ಲ. ಯಾವ ಬಂಡೆಯ ಸಂದಿನಲ್ಲಿ ಬೇಸಿಗೆಯಲ್ಲೂ ನೀರು ಜಿನುಗುತ್ತದೆ, ಯಾವ ಇಳಿಜಾರಿನಲ್ಲಿ ಕುರಿಗೆ ಮೇವು ಸಿಗುತ್ತದೆ, ಮಳೆ ಹೊಯ್ದರೆ ಯಾವ ಹಳ್ಳ ಮೊದಲು ಕೆರೆಗೆ ಬೀಳುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಬೆಟ್ಟದ ಸಂಗತಿಯನ್ನು ಬುಡದವರನ್ನು ಕೇಳಿ ತಿಳಿಯಬೇಕು. ಗಾದೆಯ ತಿರುಳು ಇದೇ ಎಂದು ನಾನು ನಂಬಿದ್ದೇನೆ.

ಜಲ್ಲಿ ಗಣಿಗೆ ಅರ್ಜಿ ಬಿದ್ದ ದಿನ ಬೆಟ್ಟ ಕಡತ ಸೇರುತ್ತದೆ. ಅಲ್ಲಿ ಅದಕ್ಕೊಂದು ಸರ್ವೆ ನಂಬರು, ಇಷ್ಟು ಎಕರೆ, ಇಷ್ಟು ಟನ್ ಕಲ್ಲು. ಜಿನುಗುವ ನೀರಿಗೂ ಮೇಯುವ ಕುರಿಗೂ ಆ ಹಾಳೆಯಲ್ಲಿ ಕಲಂ ಇಲ್ಲ. ಕಡತಕ್ಕಿಂತ ದೂರದ ಜಾಗ ಇನ್ನೊಂದಿಲ್ಲ. ಅಲ್ಲಿಂದ ಎಲ್ಲ ಬೆಟ್ಟವೂ ನುಣ್ಣಗೆ.

ಹತ್ತಿರ ಹೋದರೆ ಕಾಣುವುದೇ ಬೇರೆ. ಕ್ರಷರ್ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಇಳಿದು ಒಂದು ಎಲೆಯ ಮೇಲೆ ಬೆರಳಾಡಿಸಿ ನೋಡಿ. ಬೆರಳಿಗೆ ಬೂದು ಹಿಟ್ಟು ಮೆತ್ತುತ್ತದೆ, ಗೀರಿದಲ್ಲಿ ಮಾತ್ರ ಹಸಿರು ಕಾಣುತ್ತದೆ. ಧೂಳು ಕೂತ ಸೊಪ್ಪು ಹಾಕಿದರೆ ರೇಷ್ಮೆ ಹುಳು ಸರಿಯಾಗಿ ಮೇಯುವುದಿಲ್ಲ. ಹುಳು ಮೇಯದಿದ್ದರೆ ಗೂಡಿಲ್ಲ, ಗೂಡಿಲ್ಲದಿದ್ದರೆ ಆ ಮನೆಗೆ ಆ ತಿಂಗಳ ದುಡ್ಡಿಲ್ಲ. ಸಂಜೆ ಕುಳಿಗೆ ಮದ್ದು ತುಂಬಿ ಸಿಡಿಸಿದಾಗ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತವೆ, ತೊಟ್ಟಿಲ ಕೂಸು ಬೆಚ್ಚಿ ಅಳುತ್ತದೆ. ಹೋದ ವರ್ಷ ಸಿಮೆಂಟು ಮೆತ್ತಿದ ಗೋಡೆಯ ಬಿರುಕು ಈ ವರ್ಷ ಮತ್ತೆ ಬಾಯಿ ಬಿಡುತ್ತದೆ. ಗಣಿಯ ಗುಂಡಿಯು ಬಾವಿಗಳ ಮಟ್ಟಕ್ಕಿಂತ ಕೆಳಗಿಳಿದರೆ ಸುತ್ತಲಿನ ನೀರು ಆ ಗುಂಡಿಗೇ ಬಸಿಯುತ್ತದೆ.

ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ ದನಗಳ ಜಾತ್ರೆಗೆ ಹೆಸರಾದದ್ದು. ಅಲ್ಲಿ ಬಂಡೆ ಸಿಡಿಸುವುದರಿಂದ ಕೃಷ್ಣರಾಜಸಾಗರಕ್ಕೆ ಅಪಾಯ ಎಂದು ರೈತರು ವರ್ಷಗಟ್ಟಲೆ ಕೂಗಿದರು. 1911ರಲ್ಲಿ ಕೆಲಸ ಶುರುವಾಗಿ, ಸುರ್ಕಿ ಗಾರೆಯಲ್ಲಿ ಮೇಲೆದ್ದ ಕಟ್ಟೆ ಅದು. ಮಂಡ್ಯದ ಅನ್ನವೂ ಬೆಂಗಳೂರಿನ ಕುಡಿಯುವ ನೀರೂ ಅದನ್ನೇ ನಂಬಿವೆ. ಪರೀಕ್ಷಾರ್ಥ ಸ್ಫೋಟಕ್ಕೆಂದು ಬಂದವರನ್ನೂ ರೈತರು ಎದುರಿಸಿ ನಿಂತರು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದೆಂದು ತಡೆ ಹಾಕಿತು. ಬುಡದವರ ಕಿವಿಗೆ ಎಂದೋ ಬಿದ್ದ ಸದ್ದು ನ್ಯಾಯಪೀಠ ಮುಟ್ಟಲು ಅಷ್ಟು ಕಾಲ ಹಿಡಿಯಿತು.

ಮನೆ ಕಟ್ಟಲು ಜಲ್ಲಿ ಬೇಡವೇ, ರಸ್ತೆಗೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ನನ್ನ ಮನೆಯ ತಾರಸಿಯೂ ಯಾವುದೋ ಬೆಟ್ಟದ ತುಂಡೇ. ಆ ಋಣ ನೆನೆದೇ ಹೇಳುತ್ತೇನೆ: ಎಲ್ಲಿಂದ, ಎಷ್ಟು, ಯಾರ ಒಪ್ಪಿಗೆಯಿಂದ ತೆಗೆಯಬೇಕು ಎಂಬುದು ಗ್ರಾಮಸಭೆಯಲ್ಲಿ ಕೂತು ತೀರ್ಮಾನವಾಗಬೇಕು. ಬೇಡ ಎನ್ನುವ ಊರು ಅಭಿವೃದ್ಧಿಯ ವೈರಿಯಲ್ಲ. ಅದು ತಾನು ಹತ್ತಿರದಿಂದ ಕಂಡದ್ದನ್ನು ಹೇಳುತ್ತಿರುವ ಸಾಕ್ಷಿ.

ಗಾದೆಯ ಕೊನೆಯ ಮಾತನ್ನು ಇನ್ನೊಮ್ಮೆ ನೋಡಿ. ಕನ್ನಡದಲ್ಲಿ ‘ನುಣ್ಣಗೆ’ ಎಂದರೆ ನಯವಾಗಿ ಎಂದಷ್ಟೇ ಅಲ್ಲ. ಚಟ್ನಿಯನ್ನು ನುಣ್ಣಗೆ ಅರೆಯುತ್ತೇವೆ, ಹರಕೆಯ ತಲೆಯನ್ನು ನುಣ್ಣಗೆ ಬೋಳಿಸುತ್ತೇವೆ. ಕ್ರಷರ್ ಮಾಡುವುದು ಈ ಎರಡನ್ನೂ: ಬೆಟ್ಟವನ್ನು ಬೋಳಿಸಿ, ಅರೆದು, ಎಂ-ಸ್ಯಾಂಡ್ ಮಾಡಿ ಟಿಪ್ಪರಿಗೆ ತುಂಬುತ್ತದೆ. ಆಮೇಲೆ ಬೆಟ್ಟ ಹತ್ತಿರದಿಂದಲೂ ನುಣ್ಣಗೇ. ಬೋಳಿಸಿದ ತಲೆಯಲ್ಲಿ ಕೂದಲು ಮತ್ತೆ ಬರುತ್ತದೆ, ಬೆಟ್ಟ ಬರುವುದಿಲ್ಲ. ಆದ್ದರಿಂದ ಸಹಿ ಹಾಕುವ ಕೈ ಮೊದಲು ಬುಡದ ಊರಿಗೆ ಬರಲಿ, ಹಿಪ್ಪುನೇರಳೆಯ ಆ ಎಲೆಯನ್ನು ಒಮ್ಮೆ ಸವರಲಿ.