ಗವಂಡಿಯ ಕೂಲಿಯೂ ಬುಟ್ಟಿಯವಳ ಕೂಲಿಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳೊಳಗೆ ಎಲ್ಲಿಯಾದರೂ ಮನೆ ಕಟ್ಟುವ ಸ್ಥಳಕ್ಕೆ ಬಟವಾಡೆಯ ಸಾಯಂಕಾಲ ಹೋಗಿ ನಿಂತರೆ, ಒಂದೇ ಗೋಡೆಗೆ ದುಡಿದವರ ಕೈಗೆ ಬೇರೆ ಬೇರೆ ಕೂಲಿ ಬೀಳುವದನ್ನು ಕಾಣುವಿರಿ. ಗವಂಡಿಗೆ ಹೆಚ್ಚು, ಬಡಿಗನಿಗೂ ಕಬ್ಬಿಣ ಕಟ್ಟುವವನಿಗೂ ಅದರ ಆಸುಪಾಸು, ಸಿಮೆಂಟು ಕಲಸುವ ಗಂಡಾಳಿಗೆ ಅದಕ್ಕಿಂತ ಕಡಿಮೆ, ಬುಟ್ಟಿ ಹೊರುವ ಹೆಣ್ಣಾಳಿಗೆ ಎಲ್ಲರಿಗಿಂತ ಕಡಿಮೆ. ಇದು ನ್ಯಾಯವೋ ಎಂದು ಕೇಳಿದರೆ, ಕಸಬಿಗೆ ತಕ್ಕ ಕೂಲಿ ಎಂದು ಹೇಳಿ ನಮ್ಮವರು ಸುಮ್ಮನಾಗುತ್ತಾರೆ.

ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳೆನು. ನೂಲುಗುಂಡು ಇಳಿಬಿಟ್ಟು ಗೋಡೆಯನ್ನು ನೆಟ್ಟಗೆ ಏರಿಸುವ ಕೈ ಒಂದೆರಡು ತಿಂಗಳಲ್ಲಿ ಪಳಗುವದಿಲ್ಲ. ಗವಂಡಿ ತಪ್ಪಿದರೆ ಮನೆಯವನು ಜೀವಮಾನವೆಲ್ಲಾ ಆ ಸೊಟ್ಟಗೋಡೆಯ ಕೆಳಗೇ ಮಲಗಬೇಕು. ಕಲಿತದ್ದಕ್ಕೆ ಬೆಲೆಯಿರಲಿ.

ಆದರೆ ಕೂಲಿಯನ್ನು ಕಸಬೊಂದೇ ಗೊತ್ತುಮಾಡುತ್ತದೋ? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವದಾಗಿ ಸರಕಾರ ಸಾರಿತು. ಊರೂರಲ್ಲಿ ಒಮ್ಮೆಲೇ ಗೋಡೆ ಏಳಬೇಕಾದಾಗ ಗವಂಡಿಗಳು ಸಾಲದೆ ಅವರು ಕೇಳಿದ್ದನ್ನು ಕೊಡಬೇಕಾಗುತ್ತದೆ. ಹೊಲದ ಪೈರು ಕಳಕೊಂಡವರೋ ಬುಟ್ಟಿ ಹೊರಲಿಕ್ಕೆ ಗುಂಪಾಗಿ ಬರುತ್ತಾರೆ. ಅವರ ಕೂಲಿ ಇದ್ದಲ್ಲೇ ಇರುತ್ತದೆ. ಅವರವರ ಹಸಿವೂ ಲೆಕ್ಕದೊಳಗೆ ಸೇರಿತಲ್ಲವೇ?

ಇನ್ನೊಂದು ಸಂಗತಿಯುಂಟು, ನನ್ನ ಮನಸ್ಸನ್ನು ಹೆಚ್ಚಾಗಿ ಚುಚ್ಚುವದು ಅದೇ. ಗವಂಡಿಯ ಕೈಕೆಳಗೆ ಬುಟ್ಟಿ ಹೊರುವ ಹುಡುಗನು ಮೊದಲು ಇಟ್ಟಿಗೆ ಕೊಡುತ್ತಾನೆ. ಮಧ್ಯಾಹ್ನ ಗವಂಡಿ ಬೀಡಿ ಸೇದಲು ಇಳಿದಾಗ ಕರಣೆ ಹಿಡಿದು ನೋಡುತ್ತಾನೆ. ಕೆಲವು ವರುಷಗಳಲ್ಲಿ ತಾನೇ ಗವಂಡಿಯಾಗುತ್ತಾನೆ. ಅವನ ಪಕ್ಕದಲ್ಲಿಯೇ ಬುಟ್ಟಿ ಹೊತ್ತ ಹೆಂಗಸು ಇಪ್ಪತ್ತು ವರುಷವಾದರೂ ಬುಟ್ಟಿಯವಳೇ. ಆಕೆಯ ಕೈಗೆ ಕರಣೆ ಕೊಟ್ಟವರಾರು? ಕಲಿಯುವ ಬಾಗಿಲನ್ನು ಮುಚ್ಚಿ, ಆಮೇಲೆ ಕಲಿತಿಲ್ಲವೆಂದು ಕೂಲಿ ಕಡಿಮೆ ಮಾಡುತ್ತೇವೆ.

ಕಾಯಿದೆ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲ, ಅಕುಶಲ ಎಂಬ ಭೇದವುಂಟು. ಗಂಡು ಹೆಣ್ಣೆಂಬ ಭೇದವಿಲ್ಲ. ಒಂದೇ ಬಗೆಯ ಕೆಲಸಕ್ಕೆ ಸಮಾನ ಕೂಲಿ ಕೊಡಬೇಕೆಂದು 1976ರಲ್ಲಿಯೇ ಕಾಯಿದೆಯಾಯಿತು. ಅದು 2019ರ ವೇತನ ಸಂಹಿತೆಯೊಳಗೆ ಸೇರಿ, 2025ರ ನವೆಂಬರ 21ರಿಂದ ಆ ಸಂಹಿತೆ ಜಾರಿಗೆ ಬಂದಿದೆ.

ದ್ರಾಕ್ಷೇತೋಟದ ಯಜಮಾನನು ತನ್ನ ಹಣವನ್ನು ತನ್ನ ಇಷ್ಟದಂತೆ ಕೊಡಲಿಲ್ಲವೇ ಎಂದು ಒಬ್ಬ ಸಹೋದರರು ನನ್ನೊಡನೆ ವಾದಿಸಿದರು. ಕೊಟ್ಟನು ನಿಜ, ಆದರೆ ಅವನ ಇಷ್ಟವು ಯಾರ ಕೂಲಿಯನ್ನೂ ತಗ್ಗಿಸಲಿಲ್ಲ. ಹೊತ್ತು ಇಳಿದ ಮೇಲೆ ಬಂದವನಿಗೂ ಇಡೀ ದಿನದ ರೊಟ್ಟಿಗಾಗುವಷ್ಟು ಸಿಕ್ಕಿತು.

ಇಷ್ಟು ಬರೆಯುವ ನಾನು ನಿರ್ದೋಷಿಯಲ್ಲ. ಹಿತ್ತಲ ಗೋಡೆ ಕಟ್ಟಿಸಿದಾಗ ಒಬ್ಬ ಗಂಡಸೂ ಒಬ್ಬ ಹೆಂಗಸೂ ಒಂದೇ ಅಳತೆಯ ಬುಟ್ಟಿಯಲ್ಲಿ ಒಂದೇ ದೂರ ಉಸುಕು ಹೊತ್ತರು. ಬಟವಾಡೆಯಲ್ಲಿ ವಾಡಿಕೆಯಂತೆ ಆಕೆಗೆ ಕಡಿಮೆ ಕೊಟ್ಟೆನು. ಆಕೆ ಮಾತಾಡದೆ ಸೆರಗಿನಲ್ಲಿ ಕಟ್ಟಿಕೊಂಡಳು. ಆ ರಾತ್ರಿ ನಿದ್ರೆ ಬಾರದೆ, ಮರುದಿನ ಉಳಿದ ಹಣವನ್ನು ತೆಗೆದುಕೊಂಡು ಆಕೆಯ ಮನೆಗೆ ಹೋದೆನು. ಆಕೆ ಅದನ್ನು ಎರಡು ಸಾರಿ ಎಣಿಸಿ, ನನ್ನ ಮುಖ ನೋಡಿ, "ಇದು ಯಾತರ ರೊಕ್ಕರೀ?" ಎಂದು ಕೇಳಿದಳು.