ಕಿಟಕಿಯ ಮೇಲಿನ ಲೋಟ

ಮೂರನೆಯ ತರಗತಿಯಲ್ಲಿರುವ ಮಗಳ ಹೋಂವರ್ಕ್ ಪುಸ್ತಕಕ್ಕೆ ಸಹಿ ಹಾಕಲು ಕುಳಿತಿದ್ದೆ. ಕೊಟ್ಟ ಇಂಗ್ಲಿಷ್ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು. ‘ಕ್ಲೀನ್’ ಎಂಬಲ್ಲಿ, ನಮ್ಮ ದೇವರ ಮನೆ ಕ್ಲೀನ್ ಎಂದು ಬರೆದಿದ್ದಳು. ದಿನಾ ಒರೆಸುವವಳು ನಾನೇ ತಾನೆ, ಸಂತೋಷವಾಯಿತು. ಅದರ ಕೆಳಗೆ ‘ಡರ್ಟಿ’. ಕೆಲಸದ ಅಕ್ಕನ ಲೋಟ ಡರ್ಟಿ ಎಂದಿತ್ತು. ಟೀಚರು ಎರಡಕ್ಕೂ ಕೆಂಪು ಶಾಯಿಯಲ್ಲಿ ರೈಟ್ ಹಾಕಿದ್ದರು. ವ್ಯಾಕರಣದಲ್ಲೇನೂ ತಪ್ಪಿರಲಿಲ್ಲ.

“ಅಲ್ವೇ, ಆಕೆ ಆ ಲೋಟಾನ ಎರಡೆರಡು ಸಲ ತಿಕ್ಕಿ ತೊಳೀತಾಳೆ. ನಿನ್ನ ಹಾಲಿನ ಲೋಟಕ್ಕಿಂತ ಫಳಫಳ ಅನ್ನುತ್ತೆ. ಅದು ಹೇಗೆ ಡರ್ಟಿ?” ಎಂದೆ.

“ಮತ್ಯಾಕಮ್ಮ ಅದನ್ನ ಹಿತ್ತಿಲ ಕಿಟಕಿ ಮೇಲೆ ಇಡೋದು? ಒಳಗಿಟ್ಟರೆ ಅಜ್ಜಿ ಬೈತಾರಲ್ಲ?”

ಉತ್ತರ ಹೊಳೆಯದಾಗ ನಮ್ಮಂಥ ಓದಿದ ಹೆಂಗಸರು ಮಾಡುವುದನ್ನೇ ನಾನೂ ಮಾಡಿದೆ, ನಿಘಂಟು ತೆಗೆದೆ. ಈ ಪದದ ಬೇರು ಹಳೆಯ ನಾರ್ಸ್ ಭಾಷೆಯ ‘ದ್ರಿತ್’ ಎಂಬುದರಲ್ಲಿದೆಯಂತೆ, ಅರ್ಥ ಮಲ. ಇಂಗ್ಲಿಷರ ಬಾಯಲ್ಲಿ ಅಕ್ಷರಗಳು ಹಿಂದುಮುಂದಾಗಿ ‘ಡರ್ಟ್’ ಆಯಿತು. ಅಮೆರಿಕದವರು ತೋಟದ ಮಣ್ಣಿಗೂ ಅದನ್ನೇ ಅನ್ನುತ್ತಾರೆ. ಬಟ್ಟೆಗೆ ಪಾತ್ರೆಗೆ ಅಂಟಿಕೊಂಡಿದ್ದ ಪದ ಆಮೇಲೆ ಮನುಷ್ಯರಿಗೂ ಅಂಟಿತು. ಪೋಲಿ ಮಾತು ಡರ್ಟಿ ಜೋಕ್, ಲಂಚದ ದುಡ್ಡು ಡರ್ಟಿ ಮನಿ, ಕೆಕ್ಕರಿಸಿ ನೋಡಿದರೆ ಡರ್ಟಿ ಲುಕ್. ಪಾಪ, ಒಂದೇ ಪದಕ್ಕೆ ಎಷ್ಟು ದುಡಿಮೆ!

ನಮ್ಮಲ್ಲಿ ಹಾಗಲ್ಲ ನೋಡಿ. ಕೊಳೆ ಬೇರೆ, ಮುಸುರೆ ಬೇರೆ, ಎಂಜಲು ಬೇರೆ, ಮೈಲಿಗೆ ಬೇರೆ. ಕೊಳೆ ಕಣ್ಣಿಗೆ ಕಾಣುತ್ತದೆ, ಸೋಪು ಹಾಕಿದರೆ ಹೋಗುತ್ತದೆ. ಮೈಲಿಗೆ ಕಾಣುವುದೂ ಇಲ್ಲ, ಸೋಪಿಗೆ ಹೋಗುವುದೂ ಇಲ್ಲ. ಮಡಿವಾಳರು ಕಲ್ಲಿಗೆ ಬಡಿದು ಬೆಳ್ಳಗೆ ಮಾಡಿ ತಂದ ಸೀರೆಯನ್ನು ನನ್ನ ತವರಿನ ಅಜ್ಜಿ ಮತ್ತೊಮ್ಮೆ ನೀರಲ್ಲಿ ಅದ್ದದೆ ಉಡುತ್ತಿರಲಿಲ್ಲ. ಒಲೆಯ ಹೊಗೆಗೆ ಕಪ್ಪಿಟ್ಟ ಸೀರೆ ಮಾತ್ರ ಮಡಿಯೇ!

ನನಗೂ ಆ ಮೈಲಿಗೆಯ ಪರಿಚಯ ಹದಿಮೂರಕ್ಕೇ ಆಯಿತು. ತಿಂಗಳಿಗೆ ಮೂರು ದಿನ ಪಡಸಾಲೆಯ ಮೂಲೆ, ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಚೊಂಬು ಲೋಟಕ್ಕೆ ತಾಗದಂತೆ ಅಮ್ಮ ಎತ್ತರದಿಂದ ನೀರು ಹೊಯ್ಯುತ್ತಿದ್ದಳು, ಅರ್ಧ ನನ್ನ ಲಂಗದ ಮೇಲೆ. ಮೊದಲ ಸಲ ಅತ್ತುಬಿಟ್ಟಿದ್ದೆ. “ನೀನು ಕೊಳಕು ಅಂತ ಯಾರೇ ಅಂದ್ರು? ಇದು ಬರೀ ಮೈಲಿಗೆ ಕಣೇ” ಎಂದು ಅಮ್ಮ ಸಮಾಧಾನ ಮಾಡಿದ್ದಳು. ಆ ಎರಡು ಪದಗಳ ನಡುವಿನ ಅಂತರವನ್ನೇ ಹಿಡಿದುಕೊಂಡು ಬೆಳೆದೆ. ಕೆಲಸದಾಕೆಯ ಲೋಟದ ವಿಷಯದಲ್ಲೂ ಇಷ್ಟು ವರ್ಷ ನನಗೆ ನಾನೇ ಅದನ್ನೇ ಹೇಳಿಕೊಂಡಿದ್ದೆ. ಕೊಳಕು ಅಂತೇನಲ್ಲ, ಅತ್ತೆಯವರ ಕಾಲದ ಪದ್ಧತಿ, ಅಷ್ಟೆ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೆಯ ವಿಧಿಯನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದವಳು ನಾನು! ಮಗಳಿಗೆ ಮೈಲಿಗೆ ಎಂಬ ಪದವೇ ಗೊತ್ತಿಲ್ಲ. ಗೊತ್ತಿರುವ ಒಂದು ಪದದಲ್ಲಿ ಕಂಡದ್ದನ್ನು ಬರೆದಿದ್ದಾಳೆ.

ಮೇರಿ ಡಗ್ಲಸ್ ಎಂಬ ಮಾನವಶಾಸ್ತ್ರಜ್ಞೆ 1966ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಜಾಗ ತಪ್ಪಿದ ವಸ್ತುವೇ ಕೊಳೆ ಎಂಬುದು ಅವರ ವಾದ. ಬಾಗಿಲ ಹೊರಗಿನ ಚಪ್ಪಲಿ ಯಾರಿಗೂ ಗಲೀಜಲ್ಲ, ಊಟದ ಮೇಜಿನ ಮೇಲಿಟ್ಟರೆ ಗಲೀಜು. ಒಪ್ಪಬೇಕಾದ ಮಾತು. ಆದರೆ ಲೋಟದ ಜಾಗ ಅಡುಗೆಮನೆಯ ಸ್ಟ್ಯಾಂಡು ತಾನೆ? ಅದನ್ನು ಕಿಟಕಿಗೆ ಅಟ್ಟಿದವರು ನಾವು. ತರಕಾರಿ ತಂದು ಆಕೆ ವಾಪಸು ಕೊಡುವ ಚಿಲ್ಲರೆಯನ್ನು ನಾನು ತೊಳೆದು ಪರ್ಸಿಗೆ ಹಾಕಿಕೊಂಡದ್ದಿಲ್ಲ. ಬ್ಯಾಂಕಿನವರು ‘ಸಾಯಿಲ್ಡ್’ ಎನ್ನುವ ಮಾಸಲು ನೋಟಿಗೂ ಬೆಲೆ ಒಂದು ಪೈಸೆ ಕಡಿಮೆಯಾಗುವುದಿಲ್ಲ.

ಮರುದಿನ ಆ ಲೋಟವನ್ನು ಒಳಗೆ ತಂದು ಉಳಿದವುಗಳ ಜೊತೆ ಬೋರಲು ಹಾಕಿದೆ. ಅತ್ತೆ ನೋಡಿದರು, ಮಾತಾಡಲಿಲ್ಲ, ಅಂದು ಕಾಫಿಯನ್ನೂ ಕುಡಿಯಲಿಲ್ಲ. ಕೆಲಸದಾಕೆಗೆ ಕೈಗೆ ಸಿಕ್ಕ ಲೋಟದಲ್ಲಿ ಕಾಫಿ ಕೊಟ್ಟರೆ, “ನನ್ನ ಲೋಟ ಕಳೆದೋಯ್ತಾ ಅಮ್ಮಾವ್ರೇ?” ಎಂದು ಗಾಬರಿಯಾದಳು. ಹುಡುಕಿ, ಅಂಚಿನ ತಗ್ಗಿನಿಂದ ಗುರುತು ಹಿಡಿದು, ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಂಡು ಹಿತ್ತಿಲಿಗೆ ಹೋಗಿ ಕುಳಿತಳು. ನಾನೂ ನನ್ನ ಲೋಟ ಹಿಡಿದು ಪಕ್ಕದಲ್ಲಿ ಕುಳಿತೆ. ಇಬ್ಬರಿಗೂ ಮಾತು ಹತ್ತಲಿಲ್ಲ. ಸಂಜೆ ನೋಡಿದರೆ ತಗ್ಗಿನ ಲೋಟ ಮತ್ತೆ ಕಿಟಕಿಯ ಮೇಲಿತ್ತು. ಇಟ್ಟವರು ಅತ್ತೆಯೋ ಆಕೆಯೋ ಎಂದು ಕೇಳಲು ಹೋಗಲಿಲ್ಲ. ಎತ್ತಿ ಒಳಗಿಟ್ಟೆ.